ಹಳೆಯ ಕಾರಿನ ಕಾಗದಪತ್ರ: ಕರ್ನಾಟಕದಲ್ಲಿ ನೋಂದಣಿ, ತೆರಿಗೆ ಮತ್ತು ವಿಂಟೇಜ್ ನಿಯಮಗಳು

ಅಪ್ಪನ ಕಾಲದ ಅಂಬಾಸಿಡರ್ ಊರ ಮನೆಯ ಶೆಡ್ಡಿನಲ್ಲಿ ನಿಂತಿರುತ್ತದೆ, ಅಥವಾ ಯಾರೋ ಮಾರಲಿಟ್ಟ ಸ್ಟ್ಯಾಂಡರ್ಡ್ ಹೆರಾಲ್ಡ್ ಒಂದರ ಮೇಲೆ ಕಣ್ಣು ಬಿದ್ದಿರುತ್ತದೆ. ಇಂಥ ಕಾರನ್ನು ಮತ್ತೆ ರಸ್ತೆಗಿಳಿಸಲು ಹೊರಟವರು ಮೊದಲು ಹುಡುಕುವುದು ಮೆಕ್ಯಾನಿಕ್ ಮತ್ತು ಬಿಡಿಭಾಗಗಳನ್ನು. ಇವೆರಡೂ ತಡವಾದರೂ ಸಿಗುತ್ತವೆ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ನಾಲ್ಕು ಅಂಗಡಿ ಹತ್ತಿಳಿದರೆ ಕಾರ್ಬ್ಯುರೇಟರ್ ಕಿಟ್ಟೂ ಸಿಕ್ಕೀತು. ಬಣ್ಣ ಬಳಿದು, ಸೀಟು ಹೊಲಿಸಿ, ಲಕ್ಷಗಟ್ಟಲೆ ಖರ್ಚು ಮಾಡಿದ ಮೇಲೆ ಆರ್‌ಸಿ ಪುಸ್ತಕ ತೆಗೆದು ನೋಡಿ ತಲೆಯ ಮೇಲೆ ಕೈಹೊತ್ತು ಕುಳಿತವರನ್ನು ನಾನು ಒಬ್ಬಿಬ್ಬರನ್ನಲ್ಲ, ಹಲವರನ್ನು ಕಂಡಿದ್ದೇನೆ. ಆದ್ದರಿಂದ ಈ ಬರಹದ ಮೊದಲ ಸಲಹೆ, ಸ್ಪ್ಯಾನರ್ ಎತ್ತುವ ಮೊದಲು ಕಾಗದ ಎತ್ತಿ ನೋಡಿ ಎಂಬುದು.

ಯಾವುದು ವಿಂಟೇಜ್, ಯಾವುದು ಬರೀ ಹಳೆಯದು

ರ‍್ಯಾಲಿಗಳಲ್ಲಿ ಓಡಾಡುವವರ ಮಾತಿನಲ್ಲಿ ವಿಂಟೇಜ್, ವೆಟರನ್, ಕ್ಲಾಸಿಕ್ ಎಂಬ ಪದಗಳಿಗೆ ಬೇರೆ ಬೇರೆ ಅರ್ಥಗಳಿವೆ. ಜಾಗತಿಕ ಮಟ್ಟದ ಹಳೆಯ ವಾಹನ ಸಂಸ್ಥೆಯಾದ ಫಿವಾ, 30 ವರ್ಷ ತುಂಬಿದ ವಾಹನವನ್ನು ಐತಿಹಾಸಿಕ ಎಂದು ಪರಿಗಣಿಸುತ್ತದೆ. ಆದರೆ ಆರ್‌ಟಿಒ ಕಚೇರಿಯ ಕಿಟಕಿಯ ಮುಂದೆ ಈ ಯಾವ ವಿಂಗಡಣೆಗೂ ಬೆಲೆಯಿಲ್ಲ. ಭಾರತದ ಕಾನೂನಿನಲ್ಲಿ ಕ್ಲಾಸಿಕ್ ಎಂಬ ವರ್ಗವೇ ಇಲ್ಲ. ಇರುವುದು ವಿಂಟೇಜ್ ಎಂಬ ಒಂದೇ ವರ್ಗ. ಅದೂ ಬಂದದ್ದು ತೀರ ಈಚೆಗೆ, 2021ರ ಜುಲೈ 15ರಂದು ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಮೂಲಕ.

ಆ ತಿದ್ದುಪಡಿಯ ಪ್ರಕಾರ ವಿಂಟೇಜ್ ಎನ್ನಿಸಿಕೊಳ್ಳಬೇಕಾದರೆ ವಾಹನವು ಮೊದಲ ನೋಂದಣಿಯ ದಿನದಿಂದ 50 ವರ್ಷ ದಾಟಿರಬೇಕು, ಮೂಲರೂಪದಲ್ಲೇ ಇರಬೇಕು, ಮತ್ತು ಅದರ ಚಾಸಿ (ತಳದ ಚೌಕಟ್ಟು), ಬಾಡಿ ಅಥವಾ ಇಂಜಿನ್‌ನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ದ್ವಿಚಕ್ರ ವಾಹನಗಳಿಗೂ ಕಾರುಗಳಿಗೂ ಮಾತ್ರ ಇದು ಅನ್ವಯಿಸುತ್ತದೆ. ಹಳೆಯ ಲಾರಿ, ಬಸ್ಸು, ಟ್ರ್ಯಾಕ್ಟರ್ ಇಟ್ಟುಕೊಂಡವರಿಗೆ ಈ ಬಾಗಿಲು ತೆರೆದಿಲ್ಲ. ಲೆಕ್ಕ ನೋಂದಣಿಯ ದಿನದಿಂದಲೇ ಹೊರತು ತಯಾರಾದ ವರ್ಷದಿಂದ ಅಲ್ಲ ಎಂಬುದನ್ನು ಗಮನಿಸಿ.

ಇದನ್ನು ನಮ್ಮ ನಡುವಿನ ವಾಹನಗಳಿಗೆ ಅನ್ವಯಿಸಿ ನೋಡೋಣ. ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಬಂದದ್ದು 1974ರಲ್ಲಿ. ಆ ವರ್ಷ ನೋಂದಣಿಯಾದ ಪದ್ಮಿನಿಗಳಿಗೆ 2024ರಲ್ಲಿ 50 ತುಂಬಿತು, 1985ರ ಪದ್ಮಿನಿ 2035ರವರೆಗೆ ಕಾಯಬೇಕು. 1983ರ ಡಿಸೆಂಬರ್‌ನಲ್ಲಿ ಮಾಲೀಕರ ಕೈಸೇರಿದ ಮೊಟ್ಟಮೊದಲ ಮಾರುತಿ 800ಗಳಿಗೂ 2033ರ ತನಕ ಈ ಮಾನ್ಯತೆ ಸಿಗದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1973ರಲ್ಲಿ ಹೊರಬಂದ ಮೊದಲ ಯೆಜ್ಡಿ ಬೈಕುಗಳೂ ಈಗಾಗಲೇ ಗಡಿ ದಾಟಿವೆ. 50 ತುಂಬದ ಮಿಕ್ಕವೆಲ್ಲ ಎಷ್ಟೇ ಅಂದವಾಗಿದ್ದರೂ ಕಾನೂನಿನ ಕಣ್ಣಿಗೆ ಹಳೆಯ ಖಾಸಗಿ ವಾಹನಗಳೇ, ಸಾಮಾನ್ಯ ನವೀಕರಣದ ದಾರಿಯಲ್ಲೇ ಹೋಗಬೇಕಾದವು.

ಮೂಲರೂಪ ಎಂಬ ಷರತ್ತು ನಮ್ಮಲ್ಲಿ ಅನೇಕರನ್ನು ಸಿಕ್ಕಿಸುತ್ತದೆ. ಪೆಟ್ರೋಲ್ ದುಬಾರಿಯೆಂದು ಅಂಬಾಸಿಡರ್‌ಗೂ ಫಿಯಟ್‌ಗೂ ಡೀಸೆಲ್ ಇಂಜಿನ್ ಕೂರಿಸುವುದು ಒಂದು ಕಾಲದಲ್ಲಿ ಸರ್ವೇಸಾಮಾನ್ಯವಾಗಿತ್ತು. ಅಂಥ ಕಾರು 60 ವರ್ಷದ್ದಾದರೂ ವಿಂಟೇಜ್ ಆಗದು. ಅಷ್ಟೇ ಅಲ್ಲ, ಆ ಬದಲಾವಣೆ ಆರ್‌ಸಿಯಲ್ಲಿ ನಮೂದಾಗದೆ ಹೋಗಿದ್ದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಅದು ಅನಧಿಕೃತ ಮಾರ್ಪಾಡಾಗಿ ಸಾಮಾನ್ಯ ನವೀಕರಣಕ್ಕೂ ಅಡ್ಡ ಬರುತ್ತದೆ. ಮೂಲರೂಪ ಹೇಗಿತ್ತು ಎಂದು ಕಣ್ಣಾರೆ ನೋಡಬೇಕೆನಿಸಿದವರು ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯಕ್ಕೋ ಶ್ರೀರಂಗಪಟ್ಟಣದ ಸಮೀಪದ ಪಯಣ ಕಾರು ಸಂಗ್ರಹಾಲಯಕ್ಕೋ ಒಮ್ಮೆ ಹೋಗಿಬರಬಹುದು.

ಮೊದಲು ತೀರ್ಮಾನಿಸಬೇಕಾದದ್ದು: ಕಾರು ಯಾತಕ್ಕೆ

50 ದಾಟಿದ ಕಾರಿನ ಮುಂದೆ ಎರಡು ದಾರಿಗಳಿವೆ. ಒಂದು, ಎಲ್ಲ ಖಾಸಗಿ ಕಾರುಗಳಂತೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸುತ್ತಾ ಹೋಗುವುದು. ಇನ್ನೊಂದು, ವಿಂಟೇಜ್ ಆಗಿ ನೋಂದಾಯಿಸುವುದು. ಎರಡನೆಯದರಲ್ಲಿ ನೋಂದಣಿಗೆ 10 ವರ್ಷಗಳ ಆಯುಷ್ಯ. ಆದರೆ ಕಾರನ್ನು ನಿತ್ಯದ ಓಡಾಟಕ್ಕಾಗಲೀ ಬಾಡಿಗೆಗಾಗಲೀ ಬಳಸುವಂತಿಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ದುರಸ್ತಿ, ಮತ್ತು ಇವುಗಳಿಗಾಗಿ ಹೋಗಿಬರುವುದು, ಇಷ್ಟಕ್ಕೆ ಮಾತ್ರ ರಸ್ತೆಗೆ ತರಬಹುದು. ಭಾನುವಾರ ಬೆಳಗ್ಗೆ ಮನೆಮಂದಿಯನ್ನು ಕೂರಿಸಿಕೊಂಡು ದೋಸೆ ತಿನ್ನಲು ಹೋಗುವುದು ಈ ಪಟ್ಟಿಯಲ್ಲಿಲ್ಲ. ಮದುವೆ ದಿಬ್ಬಣಕ್ಕೆ ಹೂ ಕಟ್ಟಿ ಬಾಡಿಗೆಗೆ ಕೊಡುವುದಂತೂ ಸ್ಪಷ್ಟವಾಗಿ ನಿಷಿದ್ಧ.

ನನ್ನ ಅಭಿಪ್ರಾಯ ನೇರವಾಗಿಯೇ ಇದೆ. ಕಾರು ಓಡುತ್ತಿದ್ದು ಅದರ ಆರ್‌ಸಿ ಜೀವಂತವಾಗಿದ್ದರೆ, ವಿಂಟೇಜ್ ನಂಬರಿನಲ್ಲಿ ಬರುವ ವಿಎ ಅಕ್ಷರಗಳ ಮೋಹಕ್ಕೆ ಬಿದ್ದು ಓಡಿಸುವ ಹಕ್ಕನ್ನು ಬಿಟ್ಟುಕೊಡಬೇಡಿ. ವಿದೇಶದಿಂದ ತರಿಸಿದ ವಾಹನ, ಅಥವಾ ವರ್ಷಕ್ಕೆ ಎರಡು ರ‍್ಯಾಲಿಗಷ್ಟೇ ಹೊರಬರುವ 1930ರ ದಶಕದ ಕಾರು ನಿಮ್ಮದಾಗಿದ್ದರೆ ಮಾತ್ರ ವಿಂಟೇಜ್ ದಾರಿ ನಿಜಕ್ಕೂ ಪ್ರಯೋಜನಕರ.

ಆರ್‌ಸಿ, ಬಿ ಎಕ್ಸ್‌ಟ್ರಾಕ್ಟ್ ಮತ್ತು ಚಾಸಿ ನಂಬರ್

ದಾರಿ ಯಾವುದಾದರೂ ಮೊದಲ ಕೆಲಸ ಒಂದೇ: ಕಾರಿನ ಮೈಮೇಲಿನ ಚಾಸಿ ಮತ್ತು ಇಂಜಿನ್ ನಂಬರುಗಳು, ಆರ್‌ಸಿ ಪುಸ್ತಕದಲ್ಲಿರುವ ನಂಬರುಗಳು, ಮತ್ತು ಸರ್ಕಾರದ ವಾಹನ್ ತಂತ್ರಾಂಶದಲ್ಲಿರುವ ನಂಬರುಗಳು, ಈ ಮೂರೂ ಒಂದೇ ಆಗಿವೆಯೇ ಎಂದು ಅಕ್ಷರ ಅಕ್ಷರವಾಗಿ ತಾಳೆ ನೋಡುವುದು. ಕೆಎ ಸರಣಿ ಬಂದದ್ದು 1989ರಲ್ಲಿ. ಅದಕ್ಕೂ ಹಿಂದಿನ ಎಂವೈಬಿ, ಎಂಇಒ, ಸಿಎಎ ಮುಂತಾದ ಸರಣಿಗಳ ಕಾರುಗಳ ವಿವರಗಳೆಲ್ಲ ಕೈಬರಹದ ದಪ್ಪ ಲೆಡ್ಜರುಗಳಲ್ಲಿದ್ದವು. ಎಷ್ಟೋ ಕಾರುಗಳು ಇಂದಿಗೂ ಗಣಕಕ್ಕೆ ಏರಿಲ್ಲ. ಪರಿವಾಹನ್ ಜಾಲತಾಣದಲ್ಲಿ ನಿಮ್ಮ ನಂಬರ್ ಹಾಕಿದಾಗ ವಾಹನದ ವಿವರ ಬಾರದಿದ್ದರೆ ಗಾಬರಿಯಾಗಬೇಕಿಲ್ಲ. ಮೂಲ ನೋಂದಣಿಯಾದ ಆರ್‌ಟಿಒ ಕಚೇರಿಗೆ ಆರ್‌ಸಿ ಸಮೇತ ಹೋಗಿ, ವಾಹನದ ಬಿ ಎಕ್ಸ್‌ಟ್ರಾಕ್ಟ್ ಕೇಳಿ ಪಡೆಯಿರಿ. ಅದು ಲೆಡ್ಜರಿನಲ್ಲಿರುವ ದಾಖಲೆಯ ದೃಢೀಕೃತ ನಕಲು. ಅದರ ಆಧಾರದ ಮೇಲೆ ವಾಹನ್‌ನಲ್ಲಿ ಬ್ಯಾಕ್‌ಲಾಗ್ ಎಂಟ್ರಿ, ಅಂದರೆ ಹಳೆಯ ದಾಖಲೆಯನ್ನು ಗಣಕಕ್ಕೆ ಏರಿಸುವ ಕೆಲಸ, ಮಾಡಿಕೊಡಲು ಮನವಿ ಸಲ್ಲಿಸಬೇಕು. ಇದು ಮುಗಿಯದೆ ಮುಂದಿನ ಯಾವ ಆನ್‌ಲೈನ್ ಅರ್ಜಿಯೂ ತೆರೆದುಕೊಳ್ಳದು.

ಅಕ್ಷರ ಅಕ್ಷರವಾಗಿ ಎಂದು ಒತ್ತಿ ಹೇಳಲು ಕಾರಣವಿದೆ. ನಮ್ಮ ಮನೆಯ 1969ರ ಫಿಯಟ್ ಡಿಲೈಟ್ ಕಾರಿನ ಪುಸ್ತಕದಲ್ಲಿ ಆ ಕಾಲದ ಗುಮಾಸ್ತರು 1 ಎಂಬ ಅಂಕಿಗೆ ತಲೆಯ ಮೇಲೊಂದು ಸಣ್ಣ ಕೊಕ್ಕೆ ಎಳೆದಿದ್ದರು. ಗಣಕಕ್ಕೆ ಏರಿಸುವಾಗ ಅದು 7 ಆಯಿತು. ಹತ್ತು ವರ್ಷ ಯಾರೂ ಗಮನಿಸಲಿಲ್ಲ. ನವೀಕರಣದ ದಿನ ನಿರೀಕ್ಷಕರು ಬಾನೆಟ್ ಎತ್ತಿ, ಕನ್ನಡಕ ಹಣೆಗೇರಿಸಿ, ಮೊಬೈಲ್ ಬೆಳಕಿನಲ್ಲಿ ನಂಬರ್ ಓದಿದರು. ಎರಡು ಸಲ ಓದಿದರು. ಆಮೇಲೆ ಅರ್ಜಿಯನ್ನು ನನ್ನ ಕೈಗೇ ಹಿಂದಿರುಗಿಸಿದರು. ಅವರದೇನೂ ತಪ್ಪಿರಲಿಲ್ಲ. ಬಿ ಎಕ್ಸ್‌ಟ್ರಾಕ್ಟ್ ತೆಗೆಸಿ, ತಿದ್ದುಪಡಿಗೆ ಬರೆದುಕೊಟ್ಟು, ಮತ್ತೆ ಕಾರು ತೋರಿಸಿ ಬರುವಷ್ಟರಲ್ಲಿ ಒಂದೂವರೆ ತಿಂಗಳು ಹೋಯಿತು.

ಅರ್ಜಿಯೊಂದಿಗೆ ಕೊಡಬೇಕಾದ ಪೆನ್ಸಿಲ್ ಪ್ರಿಂಟನ್ನು, ಅಂದರೆ ಚಾಸಿ ನಂಬರಿನ ಅಚ್ಚನ್ನು, ಮನೆಯಲ್ಲೇ, ಬಿಡುವಾಗಿ ತೆಗೆಯುವುದು ಒಳ್ಳೆಯದು. ಹಳೆಯ ಕಾರಿನ ನಂಬರಿನ ಮೇಲೆ ನಾಲ್ಕಾರು ಸಲ ಬಳಿದ ಬಣ್ಣ, ಗ್ರೀಸು, ಧೂಳು ಕಲ್ಲಿನಂತೆ ಗಟ್ಟಿಯಾಗಿ ಕೂತಿರುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಅರ್ಧ ಗಂಟೆ ಅದರ ಮೇಲೆ ಇಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ಉಪ್ಪುಕಾಗದ ಮಾತ್ರ ಮುಟ್ಟಬೇಡಿ. ಆಳವಿಲ್ಲದ ಅಂಕಿಗಳು ಅದರಿಂದ ಸವೆದುಹೋದರೆ ನಂಬರ್ ತಿದ್ದಿದ್ದಾರೆಂಬ ಅನುಮಾನ ನಿಮ್ಮ ಮೇಲೆಯೇ ಬರುತ್ತದೆ. ಜಾಗ ಒಣಗಿದ ಮೇಲೆ ತೆಳು ಕಾಗದವನ್ನು ಅಂಕಿಗಳ ಮೇಲೆ ಅಲುಗದಂತೆ ಒತ್ತಿಹಿಡಿದು, ಪೆನ್ಸಿಲ್ ಮೊನೆಯನ್ನು ಓರೆಯಾಗಿಸಿ ಹಗುರವಾಗಿ ಉಜ್ಜಿದರೆ ಅಂಕಿಗಳು ಬಿಳಿಯಾಗಿ ಎದ್ದು ಕಾಣುತ್ತವೆ. ಎರಡು ಮೂರು ಪ್ರತಿ ತೆಗೆದಿಟ್ಟುಕೊಳ್ಳಿ, ಬೇಕಾಗುತ್ತವೆ.

ಶುಲ್ಕ ಬೇರೆ, ತೆರಿಗೆ ಬೇರೆ

“ಲೈಫ್ ಟ್ಯಾಕ್ಸ್ ಕಟ್ಟಿದ್ದೇನಲ್ಲ ಸಾರ್, ಮತ್ತೇನು ಕಟ್ಟುವುದು?” ಎಂಬ ಪ್ರಶ್ನೆ ಆರ್‌ಟಿಒ ಕಿಟಕಿಯ ಮುಂದೆ ದಿನವೂ ಕೇಳಿಬರುತ್ತದೆ. ಸಂವಿಧಾನದ ಏಳನೆಯ ಅನುಸೂಚಿಯ ಪ್ರಕಾರ ವಾಹನಗಳ ಮೇಲಿನ ತೆರಿಗೆ ರಾಜ್ಯದ ವಿಷಯ. ನಮ್ಮಲ್ಲಿ ಅದನ್ನು ವಿಧಿಸುವುದು 1957ರ ಕರ್ನಾಟಕ ಮೋಟಾರು ವಾಹನಗಳ ತೆರಿಗೆ ಕಾಯ್ದೆ. ನೋಂದಣಿ, ನವೀಕರಣ, ವರ್ಗಾವಣೆಗಳ ಶುಲ್ಕವನ್ನು ನಿಗದಿ ಮಾಡುವುದು ಕೇಂದ್ರದ ನಿಯಮಗಳು. ಒಂದನ್ನು ಕಟ್ಟಿದ ಮಾತ್ರಕ್ಕೆ ಇನ್ನೊಂದು ತೀರುವುದಿಲ್ಲ.

ಹಳೆಯ ಕಾರುಗಳು ಮೊದಲು ಕಂತುಗಳಲ್ಲಿ ತೆರಿಗೆ ಕಟ್ಟುತ್ತಿದ್ದವು, ಮುಂಗಾಜಿನ ಮೇಲೆ ದುಂಡಗಿನ ಟೋಕನ್ ಅಂಟಿಸುತ್ತಿದ್ದರು. ಆಮೇಲೆ ಜೀವಿತಾವಧಿ ತೆರಿಗೆ ಬಂದಾಗ ಓಡುತ್ತಿದ್ದ ಕಾರುಗಳನ್ನೂ ಅದಕ್ಕೆ ಸೇರಿಸಲಾಯಿತು. ಶೆಡ್ಡಿನಲ್ಲಿ ನಿಂತೇ ಉಳಿದ ಕೆಲವು ಕಾರುಗಳ ಪುಸ್ತಕದಲ್ಲಿ ಆ ನಮೂದು ಇರುವುದಿಲ್ಲ. ಆರ್‌ಸಿ ಪುಸ್ತಕದ ತೆರಿಗೆ ಪುಟಗಳನ್ನು ತಿರುವಿ ಜೀವಿತಾವಧಿ ತೆರಿಗೆಯ ಮುದ್ರೆ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಬಾಕಿ ಎಷ್ಟು ಎಂಬುದನ್ನು ಕಾರು ಕೊಳ್ಳುವ ಮೊದಲೇ ಕಚೇರಿಯಲ್ಲಿ ಲೆಕ್ಕ ಹಾಕಿಸಿ. ಇದಲ್ಲದೆ 15 ವರ್ಷ ದಾಟಿದ ಖಾಸಗಿ ವಾಹನಗಳಿಗೆ ರಾಜ್ಯವು ಪ್ರತಿ ನವೀಕರಣದ ವೇಳೆ ಹಸಿರು ತೆರಿಗೆ ವಸೂಲು ಮಾಡುತ್ತದೆ: ಐದು ವರ್ಷಕ್ಕೆ ದ್ವಿಚಕ್ರ ವಾಹನಕ್ಕೆ 250 ರೂಪಾಯಿ, ಕಾರಿಗೆ 500 ರೂಪಾಯಿ. ಇದು ಜೇಬಿಗೆ ಭಾರವಾಗುವ ಮೊತ್ತವಲ್ಲ.

ಬ್ರಿಟನ್ನಿನಲ್ಲಿರುವ ನಮ್ಮವರು ರಜೆಗೆ ಬಂದಾಗ ಅಲ್ಲಿ 40 ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆಯೇ ಇಲ್ಲವೆಂದು ಹೇಳುವುದುಂಟು. ಮಾತು ನಿಜ, ಆದರೆ ಅಲ್ಲಿನ ತೆರಿಗೆ ವರ್ಷ ವರ್ಷವೂ ಕಟ್ಟುವಂಥದ್ದು. ಒಂದೇ ಸಲ ಜೀವಿತಾವಧಿ ತೆರಿಗೆ ಕಟ್ಟಿ ಮುಗಿಸಿದ ನಮ್ಮ ಕಾರಿಗೆ ಆ ರಿಯಾಯಿತಿಯನ್ನು ಹೋಲಿಸುವುದರಲ್ಲಿ ಅರ್ಥವಿಲ್ಲ. ನಮ್ಮಲ್ಲಿ ಭಾರವಾಗಿರುವುದು ತೆರಿಗೆಯಲ್ಲ, ಶುಲ್ಕ.

ಶುಲ್ಕದ ಏರಿಕೆ ಹೀಗಿದೆ. 2022ರ ಏಪ್ರಿಲ್‌ವರೆಗೆ ಹಳೆಯ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಸಾಕಾಗಿತ್ತು. ಅಂದಿನಿಂದ ಅದು 5,000 ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ವಾಹನಗಳಿಗೆಂದು ಪ್ರತ್ಯೇಕ ದರ ಬಂತು: ಬೈಕಿಗೆ 2,000, ಕಾರಿಗೆ 10,000, ಆಮದಾದ ಬೈಕಿಗೆ 20,000, ಆಮದಾದ ಕಾರಿಗೆ 80,000 ರೂಪಾಯಿ, ಜಿಎಸ್‌ಟಿ ಪ್ರತ್ಯೇಕ. ವಿಂಟೇಜ್ ನೋಂದಣಿಗೆ ಮೊದಲ ಸಲ 20,000, ಮುಂದಿನ ಮರುನೋಂದಣಿಗೆ 5,000 ರೂಪಾಯಿ.

ಈ ಅಂಕಿಗಳನ್ನು 20 ವರ್ಷಗಳಿಗೆ ಹರಡಿ ನೋಡಿ. ಸಾಮಾನ್ಯ ದಾರಿಯಲ್ಲಿ ನಾಲ್ಕು ನವೀಕರಣಗಳಿಗೆ 40,000 ರೂಪಾಯಿ. ವಿಂಟೇಜ್ ದಾರಿಯಲ್ಲಿ 25,000. ಉಳಿತಾಯ 15,000 ರೂಪಾಯಿ, ಅಂದರೆ ವರ್ಷಕ್ಕೆ 750. ಇಷ್ಟಕ್ಕಾಗಿ ನಮ್ಮ ರಸ್ತೆಗಳಲ್ಲೇ ಹುಟ್ಟಿ ಬೆಳೆದ ಅಂಬಾಸಿಡರನ್ನು ಶೆಡ್ಡಿಗೆ ಕಟ್ಟಿಹಾಕುವುದು ನನಗಂತೂ ಒಪ್ಪಿಗೆಯಿಲ್ಲ. ಆರ್‌ಸಿಯಲ್ಲಿ ಆಮದು ವಾಹನವೆಂದು ನಮೂದಾದ ಕಾರಿನ ಲೆಕ್ಕ ಪೂರ್ತಿ ಬೇರೆ: ಒಂದೆಡೆ 3,20,000, ಇನ್ನೊಂದೆಡೆ ಅದೇ 25,000. ಅಲ್ಲಿ ಯೋಚಿಸಲು ಏನೂ ಉಳಿಯುವುದಿಲ್ಲ.

ಸಾಮಾನ್ಯ ನವೀಕರಣದ ಕ್ರಮ

ಖಾಸಗಿ ಕಾರಿನ ಮೊದಲ ನೋಂದಣಿ 15 ವರ್ಷಕ್ಕೆ, ಆಮೇಲಿನ ಪ್ರತಿ ನವೀಕರಣ 5 ವರ್ಷಕ್ಕೆ ಊರ್ಜಿತ. ಅವಧಿ ಮುಗಿಯುವ 60 ದಿನಗಳ ಒಳಗಿನ ಯಾವುದೇ ದಿನ ಫಾರಂ 25ರಲ್ಲಿ ಅರ್ಜಿ ಹಾಕಬಹುದು. ಪರಿವಾಹನ್ ಜಾಲತಾಣದಲ್ಲಿ ಅರ್ಜಿ ತುಂಬಿ, ಶುಲ್ಕ ಕಟ್ಟಿ, ತಪಾಸಣೆಗೆ ದಿನ ಗೊತ್ತುಮಾಡಿಕೊಳ್ಳಬೇಕು. ಆರ್‌ಸಿ, ವಿಮೆ, ಹೊಗೆ ತಪಾಸಣೆಯ ಪತ್ರ, ವಿಳಾಸದ ದಾಖಲೆ, ಪ್ಯಾನ್ ಮತ್ತು ಪೆನ್ಸಿಲ್ ಪ್ರಿಂಟ್ ಜೊತೆಗಿರಲಿ. ತಡವಾದರೆ ಕಾರಿಗೆ ತಿಂಗಳಿಗೆ 500, ಬೈಕಿಗೆ ತಿಂಗಳಿಗೆ 300 ರೂಪಾಯಿಯಂತೆ ಹೆಚ್ಚುವರಿ ಶುಲ್ಕ ಬೆಳೆಯುತ್ತಾ ಹೋಗುತ್ತದೆ. ಐದು ವರ್ಷ ಮರೆತು ಕುಳಿತ ಕಾರಿನ ಮೇಲೆ ಹೀಗೆ 30,000 ರೂಪಾಯಿ ಏರಿರುತ್ತದೆ; ಹಳೆಯ ಕಾರು ಕೊಳ್ಳುವಾಗ ಚೌಕಾಸಿಗೆ ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ.

ಹೊಗೆ ತಪಾಸಣೆ ಕಷ್ಟವೆಂದು ಹಲವರು ಹೆದರುತ್ತಾರೆ. 2000ಕ್ಕೂ ಹಿಂದಿನ ಪೆಟ್ರೋಲ್ ಕಾರುಗಳಿಗೆ ಮಿತಿ ಉದಾರವಾಗಿಯೇ ಇದೆ: ಐಡಲ್‌ನಲ್ಲಿ, ಅಂದರೆ ಕಾರು ನಿಂತಲ್ಲೇ ಇಂಜಿನ್ ಓಡುವಾಗ, ಇಂಗಾಲದ ಮಾನಾಕ್ಸೈಡ್ ಶೇ. 3, ಹೈಡ್ರೋಕಾರ್ಬನ್ 1,500 ಪಿಪಿಎಂ (ಹತ್ತು ಲಕ್ಷದಲ್ಲಿ 1,500 ಭಾಗ). ಅದೇ ಕಾಲದ ದ್ವಿಚಕ್ರ ವಾಹನಕ್ಕೆ ಶೇ. 4.5 ಮತ್ತು 9,000 ಪಿಪಿಎಂ. ಏರ್ ಫಿಲ್ಟರ್ ಸ್ವಚ್ಛಗೊಳಿಸಿ, ಕಾರ್ಬ್ಯುರೇಟರ್ ಸರಿಯಾಗಿ ಟ್ಯೂನ್ ಮಾಡಿಸಿ, ಇಂಜಿನ್ ಚೆನ್ನಾಗಿ ಬಿಸಿಯಾಗುವಂತೆ ನಾಲ್ಕೈದು ಕಿಲೋಮೀಟರ್ ಓಡಿಸಿಕೊಂಡೇ ತಪಾಸಣಾ ಕೇಂದ್ರಕ್ಕೆ ಹೋದರೆ ಆರೋಗ್ಯವಾಗಿರುವ ಯಾವ ಇಂಜಿನ್ನೂ ಇದರಲ್ಲಿ ಪಾಸಾಗುತ್ತದೆ. ಚೋಕ್ ಎಳೆದ ಹಾಗೆಯೇ ಬಂದು ನಿಂತವರೇ ಹೆಚ್ಚಾಗಿ ಫೇಲಾಗುವುದು. ಪತ್ರ ಆರು ತಿಂಗಳಿಗೆ ಮಾತ್ರ ಊರ್ಜಿತ.

ತಪಾಸಣೆಯ ದಿನ, ಜನ ಇಂದಿಗೂ ಬ್ರೇಕ್ ಇನ್‌ಸ್ಪೆಕ್ಟರ್ ಎಂದೇ ಕರೆಯುವ ಮೋಟಾರು ವಾಹನ ನಿರೀಕ್ಷಕರು ನಂಬರುಗಳ ಜೊತೆಗೆ ಬ್ರೇಕು, ಕೈಬ್ರೇಕು, ದೀಪಗಳು, ಇಂಡಿಕೇಟರ್, ಹಾರ್ನ್, ವೈಪರ್, ಟೈರುಗಳನ್ನು ನೋಡುತ್ತಾರೆ. ಡೈನಮೋ ಇರುವ ಕಾರುಗಳಲ್ಲಿ ಐಡಲ್‌ನಲ್ಲಿ ಹೆಡ್‌ಲೈಟ್ ಮಂಕಾಗುವುದು ಸಹಜ. ಹಿಂದಿನ ರಾತ್ರಿ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಟ್ಟುಕೊಂಡರೆ ಆ ಮುಜುಗರ ತಪ್ಪುತ್ತದೆ. ಕಾರಿನ ಬಣ್ಣವೂ ಆರ್‌ಸಿಯಲ್ಲಿರುವುದೇ ಆಗಿರಬೇಕು. ಬೂದುಬಣ್ಣದ ಅಂಬಾಸಿಡರ್‌ಗೆ ಆಸೆಪಟ್ಟು ಕೆನೆಬಣ್ಣ ಬಳಿಸಿದವರು ಬಣ್ಣ ಬದಲಾವಣೆಯನ್ನು ಮೊದಲು ದಾಖಲಿಸಿಕೊಳ್ಳಬೇಕು.

ನಂಬರ್ ಪ್ಲೇಟಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕಪ್ಪು ಹಲಗೆಯ ಮೇಲೆ ಬಿಳಿ ಅಕ್ಷರದ ಎಂವೈಬಿ ಎಷ್ಟು ಚೆಂದವೆಂದು ನನಗೂ ಗೊತ್ತು, ಆದರೆ ಇಂದಿನ ನಿಯಮದಲ್ಲಿ ಖಾಸಗಿ ವಾಹನಕ್ಕೆ ಬಿಳಿ ಹಲಗೆಯ ಮೇಲೆ ಕಪ್ಪು ಅಕ್ಷರವೇ ಇರಬೇಕು. 2019ರ ಏಪ್ರಿಲ್ 1ಕ್ಕೂ ಮುಂಚೆ ನೋಂದಣಿಯಾದ ವಾಹನಗಳೂ ಅತಿ ಸುರಕ್ಷಿತ ನೋಂದಣಿ ಫಲಕ ಹಾಕಿಸಬೇಕೆಂದು 2023ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿದೆ. ಹಳೆಯ ಪ್ಲೇಟನ್ನು ಮನೆಯ ಗೋಡೆಗೆ ತೂಗುಹಾಕಿ.

ವಿಂಟೇಜ್ ನೋಂದಣಿಯ ಕ್ರಮ

ಅರ್ಜಿ ಫಾರಂ 20ರಲ್ಲಿ. ಅದರೊಂದಿಗೆ ವಿಮಾ ಪತ್ರ, ಶುಲ್ಕ, ಭಾರತದಲ್ಲಿ ಮೊದಲೇ ನೋಂದಣಿಯಾಗಿದ್ದರೆ ಹಳೆಯ ಆರ್‌ಸಿ, ಆಮದು ಮಾಡಿಕೊಂಡ ವಾಹನವಾದರೆ ಕಸ್ಟಮ್ಸ್ ಇಲಾಖೆಯ ಬಿಲ್ ಆಫ್ ಎಂಟ್ರಿ ಇರಬೇಕು. ಎಲ್ಲವೂ ಸರಿಯಿದ್ದರೆ 60 ದಿನಗಳೊಳಗೆ ಫಾರಂ 23ಎ ರೂಪದಲ್ಲಿ ನೋಂದಣಿ ಪತ್ರ ಕೊಡಬೇಕೆಂದು ನಿಯಮ ಹೇಳುತ್ತದೆ. ಈಗಾಗಲೇ ನೋಂದಣಿಯಿರುವ ವಾಹನ ತನ್ನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಹೊಸದಾಗಿ ನೋಂದಣಿಯಾಗುವುದಕ್ಕೆ ರಾಜ್ಯದ ಸಂಕೇತ, ವಿಎ ಎಂಬ ಅಕ್ಷರಗಳು, ಎರಡಕ್ಷರದ ಸರಣಿ, ಆಮೇಲೆ 0001ರಿಂದ 9999ರ ನಡುವಿನ ಅಂಕಿ ಸಿಗುತ್ತದೆ. ನಮ್ಮ ರಾಜ್ಯದಲ್ಲಾದರೆ ಕೆಎ ವಿಎ ಎಎ 0001 ಎಂಬ ಮಾದರಿ.

ಅರ್ಜಿಯ ಜೊತೆಗೆ ಕಾರಿನ ನಾಲ್ಕೂ ಬದಿ, ಇಂಜಿನ್ ಕೋಣೆ, ಡ್ಯಾಶ್‌ಬೋರ್ಡ್ ಮತ್ತು ನಂಬರುಗಳ ಸ್ಪಷ್ಟ ಛಾಯಾಚಿತ್ರಗಳನ್ನು, ಸಾಧ್ಯವಾದರೆ ಆ ಮಾದರಿಯ ಮೂಲ ಕೈಪಿಡಿಯ ಪುಟಗಳನ್ನು ಇಡಿ ಎಂಬುದು ನನ್ನ ಸಲಹೆ. 1955ರ ಲ್ಯಾಂಡ್‌ಮಾಸ್ಟರ್ ಮೂಲದಲ್ಲಿ ಹೇಗಿತ್ತೆಂದು ಪ್ರತಿಯೊಬ್ಬ ಅಧಿಕಾರಿಗೂ ಗೊತ್ತಿರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ತೋರಿಸಿಕೊಡುವ ಹೊಣೆ ನಮ್ಮದು. ವಿಂಟೇಜ್ ನೋಂದಣಿಯ ಕಾರನ್ನು ಹೊರತೆಗೆಯುವಾಗಲೆಲ್ಲ ರ‍್ಯಾಲಿಯ ಆಹ್ವಾನಪತ್ರ ಅಥವಾ ವರ್ಕ್‌ಶಾಪಿನ ಜಾಬ್ ಕಾರ್ಡ್ ಕಾರಿನಲ್ಲಿರಲಿ. ದಾರಿಯಲ್ಲಿ ಪೊಲೀಸರು ಕೇಳಿದರೆ ಅದೇ ಉತ್ತರ.

ಮಾಲೀಕತ್ವದ ವರ್ಗಾವಣೆ

ಹಳೆಯ ಕಾರುಗಳ ಅರ್ಧಕ್ಕರ್ಧ ತೊಡಕು ಇರುವುದು ಇಲ್ಲಿ. ಕಾರು ಮೊಮ್ಮಗನ ಕೈಯಲ್ಲಿ, ಆರ್‌ಸಿ ತೀರಿಹೋದ ತಾತನ ಹೆಸರಿನಲ್ಲಿ. ಮಾಲೀಕರು ತೀರಿಕೊಂಡ 30 ದಿನಗಳೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ಫಾರಂ 31ರಲ್ಲಿ ವರ್ಗಾವಣೆಗೆ ಅರ್ಜಿ ಹಾಕಬೇಕೆಂಬುದು ನಿಯಮ. ಸೂತಕದ ಮನೆಯಲ್ಲಿ ಅದು ಯಾರಿಗೂ ನೆನಪಾಗುವುದಿಲ್ಲ. ವರ್ಷಗಳ ನಂತರ ಮಾಡುವವರು ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಉಳಿದ ವಾರಸುದಾರರೆಲ್ಲರ ಒಪ್ಪಿಗೆಯ ಅಫಿಡವಿಟ್ ಸಿದ್ಧಮಾಡಿಕೊಂಡೇ ಹೋಗಬೇಕು. ಅತ್ತೆಯಂದಿರು, ಚಿಕ್ಕಪ್ಪಂದಿರು ಸಹಿ ಹಾಕುವ ಮನಸ್ಸಿನಲ್ಲಿರುವಾಗಲೇ, ಅಂದರೆ ಕಾರಿಗೆ ಹೊಸ ಬಣ್ಣ ಬಂದು ಅದರ ಬೆಲೆ ಎಲ್ಲರಿಗೂ ಕಾಣುವ ಮೊದಲೇ, ಈ ಕೆಲಸ ಮುಗಿಸಿಕೊಳ್ಳುವುದು ಜಾಣತನ.

ಕೊಂಡು ತರುವುದಾದರೆ ಫಾರಂ 29 ಮತ್ತು 30. ಮಾರಿದವರು 14 ದಿನಗಳೊಳಗೆ ತಿಳಿಸಬೇಕು, ಕೊಂಡವರು 30 ದಿನಗಳೊಳಗೆ ಅರ್ಜಿ ಹಾಕಬೇಕು. ಕೇರಳದಿಂದಲೋ ತಮಿಳುನಾಡಿನಿಂದಲೋ ತರುವ ಕಾರಿಗೆ ಅಲ್ಲಿನ ಕಚೇರಿಯಿಂದ ಫಾರಂ 28ರಲ್ಲಿ ನಿರಾಕ್ಷೇಪಣಾ ಪತ್ರ ಬೇಕು. 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಡುವುದಾದರೆ ಫಾರಂ 27ರ ಮೂಲಕ ಕೆಎ ನಂಬರ್ ಪಡೆದು, ಇಲ್ಲಿನ ಜೀವಿತಾವಧಿ ತೆರಿಗೆಯನ್ನು ಕಾರಿನ ವಯಸ್ಸಿಗೆ ತಕ್ಕ ದರದಲ್ಲಿ ಕಟ್ಟಬೇಕು. ಆಗ ಆ ಹಳೆಯ ನಂಬರ್ ಹೋಗಿಬಿಡುತ್ತದೆ ಎಂಬುದನ್ನು ನಂಬರಿಗಾಗಿಯೇ ಕಾರು ಕೊಳ್ಳುವವರು ಮೊದಲೇ ತಿಳಿದಿರಬೇಕು.

ಹರಾಜಿನ ಸರ್ಕಾರಿ ಅಂಬಾಸಿಡರ್ ಮತ್ತು ಜೀಪುಗಳ ಬಗ್ಗೆ ಒಂದು ಎಚ್ಚರಿಕೆ. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿಯನ್ನು ನವೀಕರಿಸುವಂತಿಲ್ಲ. ಅವು ಗುಜರಿ ಕೇಂದ್ರಕ್ಕೇ ಹೋಗಬೇಕು. ಅಗ್ಗವೆಂದು ಕೊಂಡರೆ ಕೈಗೆ ಬರುವುದು ಬಿಡಿಭಾಗಗಳ ರಾಶಿ ಮಾತ್ರ. ಖಾಸಗಿ ಕಾರುಗಳಿಗೆ ಕರ್ನಾಟಕದಲ್ಲಿ ಇಂಥ ವಯಸ್ಸಿನ ಮಿತಿಯಿಲ್ಲ. 15 ವರ್ಷವಾದ ಕಾರನ್ನೆಲ್ಲ ಗುಜರಿಗೆ ಹಾಕಬೇಕಂತೆ ಎಂಬ ಮಾತನ್ನು ನಂಬಿ ಒಳ್ಳೆಯ ಕಾರನ್ನು ಕಳೆದುಕೊಂಡವರಿದ್ದಾರೆ.

ವಿಮೆ ಮತ್ತು ಚಾಲನಾ ಪರವಾನಗಿ

ಮೂರನೇ ವ್ಯಕ್ತಿಯ ವಿಮೆ ಎಷ್ಟು ಹಳೆಯ ಕಾರಿಗೂ ಕಡ್ಡಾಯ. 2022ರ ಜೂನ್ 1ರಿಂದ ಜಾರಿಯಲ್ಲಿರುವ ದರಪಟ್ಟಿಯಲ್ಲಿ 1,000ದಿಂದ 1,500 ಸಿಸಿವರೆಗಿನ ಖಾಸಗಿ ಕಾರಿಗೆ ವರ್ಷಕ್ಕೆ 3,416 ರೂಪಾಯಿ. 1,089 ಸಿಸಿಯ ಪದ್ಮಿನಿಯೂ 1,489 ಸಿಸಿಯ ಪೆಟ್ರೋಲ್ ಅಂಬಾಸಿಡರೂ ಇದರಲ್ಲೇ ಬರುತ್ತವೆ. ವಿಂಟೇಜ್ ಆಗಿ ನೋಂದಣಿಯಾದ ಕಾರಿಗೆ ಇದರಲ್ಲಿ ಶೇ. 50 ರಿಯಾಯಿತಿ ಇದೆ. ಏಜೆಂಟರು ತಾವಾಗಿ ಅದನ್ನು ಹೇಳುವುದು ಅಪರೂಪ, ನೀವೇ ಕೇಳಬೇಕು. ಕಳವು ಮತ್ತು ಅಪಘಾತಕ್ಕೂ ವಿಮೆ ಬೇಕೆಂದರೆ, ಕಾರಿನ ಮೌಲ್ಯವನ್ನು ಸವಕಳಿ ಲೆಕ್ಕದಲ್ಲಿ ಶೂನ್ಯಕ್ಕಿಳಿಸದೆ, ಮೌಲ್ಯಮಾಪಕರ ವರದಿಯ ಆಧಾರದಲ್ಲಿ ಮೊದಲೇ ಒಪ್ಪಿದ ಮೊತ್ತಕ್ಕೆ ಪಾಲಿಸಿ ಬರೆಸಿ. ವಿಮೆಯಿಲ್ಲದೆ ಓಡಿಸಿದರೆ 2,000 ರೂಪಾಯಿ ದಂಡ, ನೋಂದಣಿಯಿಲ್ಲದೆ ಓಡಿಸಿದರೆ ಮೊದಲ ಸಲ 5,000ದವರೆಗೆ. ನೋಂದಣಿ ಮುಗಿದ ಕಾರು ಅಪಘಾತಕ್ಕೀಡಾದರೆ ವಿಮಾ ಕಂಪನಿಯೊಂದಿಗೆ ನಡೆಯುವ ವಾದ ಈ ದಂಡಗಳಿಗಿಂತ ದುಬಾರಿಯಾಗುತ್ತದೆ.

ಹಳೆಯ ಕಾರು ಓಡಿಸಲು ಪ್ರತ್ಯೇಕ ಪರವಾನಗಿ ಬೇಕಿಲ್ಲ, ಮಾಮೂಲಿ ಲಘು ವಾಹನದ ಡಿಎಲ್ ಸಾಕು. ಆದರೆ ಇಂಥ ಕಾರುಗಳ ಮಾಲೀಕರಲ್ಲಿ ಹಲವರು ಕಾರಿಗಿಂತ ಹಿರಿಯರು. ತಮ್ಮ ಡಿಎಲ್ ಮುಗಿದಿದ್ದು ಗೊತ್ತಾಗುವುದು ತಪಾಸಣೆಯ ದಿನವೇ. 55 ದಾಟಿದ ಮೇಲೆ ನವೀಕರಣ ಐದೈದು ವರ್ಷಕ್ಕೆ ಮಾತ್ರ, ಜೊತೆಗೆ ಫಾರಂ 1ಎಯಲ್ಲಿ ವೈದ್ಯರ ಪ್ರಮಾಣಪತ್ರ ಬೇಕು. ಅವಧಿ ಮುಗಿದು ಒಂದು ವರ್ಷ ಕಳೆದರೆ ಮತ್ತೆ ಚಾಲನಾ ಪರೀಕ್ಷೆ ಕೊಡಬೇಕು. 1969ರ ಫಿಯಟ್ಟಿನ ಸ್ಟೀರಿಂಗ್ ಪಕ್ಕದ ಗೇರಿನಲ್ಲಿ ಐವತ್ತು ವರ್ಷ ಕೈಪಳಗಿದವರು, ಎಳೆಯ ಹುಡುಗರ ಸಾಲಿನಲ್ಲಿ ನಿಂತು ಡ್ರೈವಿಂಗ್ ಸ್ಕೂಲಿನ ಸಣ್ಣ ಕಾರಿನಲ್ಲಿ ಎಂಟರ ಆಕಾರ ಬಿಡಿಸುವುದನ್ನು ನಮ್ಮ ಮನೆಯಲ್ಲೇ ನೋಡಿದ್ದೇನೆ. ಪಾಸಾದರು, ಆದರೆ ಎರಡನೆಯ ಸಲಕ್ಕೆ.